‘ಬ್ಲೂಸ್ಕೈನಲ್ಲಿ ಹುಡುಕಿದೆ, ನೀವು ಸಿಗಲೇ ಇಲ್ವಲ್ಲ?’

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಸಿಕ್ಕವರೂ ಕೇಳುತ್ತಾರೆ, ಮದುವೆ ಊಟಕ್ಕೆ ಪಕ್ಕ ಕೂತವರೂ ಕೇಳುತ್ತಾರೆ. ‘ನೀವು ಮಾಸ್ಟೊಡಾನ್‌ನಲ್ಲಿದ್ದೀರಂತೆ. ನಾನು ಬ್ಲೂಸ್ಕೈ ಸೇರಿದೆ. ಹುಡುಕಿದರೆ ನೀವು ಸಿಗಲೇ ಇಲ್ಲ. ಎರಡೂ ಒಬ್ಬರ ಹಿಡಿತದಲ್ಲಿಲ್ಲದ ಸಾಮಾಜಿಕ ಜಾಲತಾಣ ಅಂತಾರೆ, ಒಂದೇ ಅಲ್ವಾ?’

ಅಲ್ಲ. ಎರಡರ ಭಾಷೆಯೇ ಬೇರೆ.

ಮಾಸ್ಟೊಡಾನ್ ಅಂದರೆ ಒಂದು ವೆಬ್‌ಸೈಟ್ ಅಲ್ಲ. ಜರ್ಮನಿಯಲ್ಲಿ ಯೂಜೆನ್ ರೋಚ್ಕೊ 2016ರಲ್ಲಿ ಹೊರತಂದ ಸಾಫ್ಟ್‌ವೇರ್ ಅದು. ಯಾರು ಬೇಕಾದರೂ ತಮ್ಮ ಸರ್ವರ್‌ಗೆ, ಅಂದರೆ ಸದಾ ನೆಟ್‌ಗೆ ಜೋಡಿಸಿದ ಕಂಪ್ಯೂಟರ್‌ಗೆ, ಹಾಕಿಕೊಳ್ಳಬಹುದು. ನಮ್ಮ ಕೊಡವ ಹಾಕಿ ಹಬ್ಬ ನೋಡಿದವರಿಗೆ ಇದನ್ನು ಹೇಳುವುದು ಸುಲಭ. 1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬ. ಒಂದೊಂದು ಮನೆತನಕ್ಕೂ ತನ್ನದೇ ತಂಡ, ಆದರೆ ಆಟದ ನಿಯಮ ಎಲ್ಲರಿಗೂ ಒಂದೇ. ಇಲ್ಲಿ ಸರ್ವರ್‌ಗಳು ತಮ್ಮೊಳಗೆ ಮಾತಾಡುವ ಆ ನಿಯಮದ ಹೆಸರು ಆಕ್ಟಿವಿಟಿಪಬ್. 2018ರ ಜನವರಿಯಲ್ಲಿ ಅದು ವೆಬ್‌ನ ಅಧಿಕೃತ ಮಾನದಂಡಗಳ ಸಾಲಿಗೆ ಸೇರಿತು. ಫೋಟೊಗಳ ಪಿಕ್ಸೆಲ್‌ಫೆಡ್, ವಿಡಿಯೊಗಳ ಪೀರ್‌ಟ್ಯೂಬ್ ಕೂಡ ಅದನ್ನೇ ಪಾಲಿಸುತ್ತವೆ. ಹಾಗಾಗಿ ಪೀರ್‌ಟ್ಯೂಬ್ ವಿಡಿಯೊಗೆ ನಾನು ಮಾಸ್ಟೊಡಾನ್‌ನಲ್ಲೇ ಕೂತು ಕಾಮೆಂಟ್ ಹಾಕಬಹುದು. ಫೇಸ್‌ಬುಕ್‌ನಿಂದ ಯೂಟ್ಯೂಬ್‌ಗೆ ಹಾಗೆ ಹಾಕಿ ನೋಡಿ!

ಹಾಕಿ ಹಬ್ಬದ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಯಾಕೆಂದರೆ ಇಲ್ಲಿ ಒಂದು ಸರ್ವರ್ ಇನ್ನೊಂದರ ಜೊತೆ ಮಾತೇ ಬಿಡಬಹುದು. 2019ರಲ್ಲಿ, ದ್ವೇಷದ ಮಾತಿಗೆ ಹೆಸರಾದ ಗ್ಯಾಬ್ ಎಂಬ ತಾಣ ಮಾಸ್ಟೊಡಾನ್ ಸಾಫ್ಟ್‌ವೇರ್ ಹಾಕಿಕೊಂಡು ಬಂದಾಗ ಎಷ್ಟೋ ಸರ್ವರ್‌ಗಳು ಅದಕ್ಕೆ ಬಾಗಿಲು ಮುಚ್ಚಿದವು. ಇನ್ನೊಂದು ತಮಾಷೆಯೂ ಇದೆ. ನನ್ನ ಸರ್ವರ್‌ಗೆ ತನ್ನ ಬಳಿ ಬಂದಷ್ಟೇ ಗೊತ್ತು. ಒಂದೇ ಪೋಸ್ಟ್‌ಗೆ ನನ್ನ ಕಡೆ ಮೂರು ಲೈಕ್, ಬರೆದವರ ಕಡೆ ಮೂವತ್ತು ಕಾಣಬಹುದು.

ಬ್ಲೂಸ್ಕೈ 2019ರಲ್ಲಿ ಟ್ವಿಟರ್ ಒಳಗೇ ಹುಟ್ಟಿದ ಯೋಜನೆ. ಆಮೇಲೆ ಬೇರೆ ಕಂಪನಿಯಾಯಿತು. 2024ರ ಫೆಬ್ರುವರಿಯಿಂದ ಆಹ್ವಾನ ಇಲ್ಲದೆಯೂ ಯಾರು ಬೇಕಾದರೂ ಸೇರಬಹುದು. ಅದರ ನಿಯಮ ಆಕ್ಟಿವಿಟಿಪಬ್ ಅಲ್ಲ, ಎಟಿ ಪ್ರೊಟೊಕಾಲ್. ನಾನು ನಿಮಗೆ ಅಲ್ಲಿ ಸಿಗದೇ ಇದ್ದದ್ದು ಅದಕ್ಕೇ. ನಿಮ್ಮ ಪೋಸ್ಟ್‌ಗಳು ಒಂದು ಕಡೆ ಇರುತ್ತವೆ. ರಿಲೇ ಅನ್ನುವುದು ಎಲ್ಲ ಕಡೆಯಿಂದ ಹೊಸದನ್ನು ಒಟ್ಟು ಮಾಡುತ್ತದೆ. ಆ್ಯಪ್ ಅದರಿಂದ ಆರಿಸಿ ತೋರಿಸುತ್ತದೆ. ಹುಡುಕಾಟ ಅಲ್ಲಿ ಚೆನ್ನಾಗಿರುವುದು ಇದಕ್ಕೇ. ಆದರೆ ಬಹುಪಾಲು ಜನರ ಖಾತೆ ಇರುವುದು ಆ ಒಂದು ಕಂಪನಿಯ ಸರ್ವರ್‌ಗಳಲ್ಲೇ. ಅಲ್ಲಿಗೆ ‘ಯಾರ ಹಿಡಿತವೂ ಇಲ್ಲ’ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು.

ನನ್ನನ್ನು ಕೇಳಿದರೆ, ಹಿಡಿತ ಯಾರದು ಅನ್ನುವುದಕ್ಕಿಂತ ಮನೆ ಬಿಡುವಾಗ ಏನೇನು ಕಟ್ಟಿಕೊಂಡು ಹೋಗಬಹುದು ಅಂತ ನೋಡಬೇಕು. ಇದು ಪೆಟ್ಟು ತಿಂದು ಕಲಿತದ್ದು. ನಾನಿದ್ದ ಸರ್ವರ್ ನಡೆಸುತ್ತಿದ್ದವರು ಮುಚ್ಚುವುದಾಗಿ ಮೂರು ತಿಂಗಳು ಮೊದಲೇ ತಿಳಿಸಿದ್ದರು. ನಾನು ಸುಮ್ನೆ ಕೂತೆ. ಮಳೆಗಾಲ ಬಂತು, ಕರೆಂಟಿಲ್ಲ, ನೆಟ್ಟಿಲ್ಲ. ಕೊನೆಯ ವಾರ ಹೇಗೋ ಬೇರೆ ಸರ್ವರ್‌ಗೆ ಹೋದೆ. ಫಾಲೋವರ್ಸ್ ಹಿಂದೆಯೇ ಬಂದರು. ಪೋಸ್ಟ್‌ಗಳು ಬರಲಿಲ್ಲ. ಮಾಸ್ಟೊಡಾನ್ ವ್ಯವಸ್ಥೆಯೇ ಹಾಗೆ. ಹಳೆಯದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು, ಹೊಸ ಕಡೆ ಏರಿಸಲಾಗದು. ನಾನು ಡೌನ್‌ಲೋಡೂ ಮಾಡಿರಲಿಲ್ಲ. ಹೂಮಳೆ ಆದ ಮೇಲೆ ಕಾಫಿ ತೋಟವೆಲ್ಲ ಹೂ ಬಿಟ್ಟು ಬೆಳ್ಳಗಾದ ನಾಲ್ಕು ವರ್ಷದ ಫೋಟೊಗಳು ಹೋದವು. ಬ್ಲೂಸ್ಕೈನಲ್ಲಾದರೆ ಸರ್ವರ್ ಬದಲಿಸುವಾಗ ಪೋಸ್ಟು, ಫಾಲೋವರ್ಸ್ ಎರಡೂ ಜೊತೆಗೆ ಬರುತ್ತವೆ. ಈ ಒಂದು ವಿಷಯದಲ್ಲಿ ನನಗೆ ಅದರ ಮೇಲೆ ಹೊಟ್ಟೆಕಿಚ್ಚು.

ಸರಿ, ನಾನು ನಿಮಗೆ ಸಿಗುವುದು ಹೇಗೆ? ಬ್ರಿಡ್ಜಿ ಫೆಡ್ ಅಂತ ಒಂದು ಸೇತುವೆ ಇದೆ. ಅದರ ಖಾತೆಯನ್ನು ನಾನು ಮಾಸ್ಟೊಡಾನ್‌ನಲ್ಲಿ ಫಾಲೋ ಮಾಡಿದ್ದೇನೆ, ಹಾಗಾಗಿ ನನ್ನ ಪೋಸ್ಟ್ ಆ ದಡಕ್ಕೆ ಬರುತ್ತದೆ. ನಿಮ್ಮದು ಈ ದಡಕ್ಕೆ ಬರಬೇಕಾದರೆ ನೀವೂ ಬ್ಲೂಸ್ಕೈನಲ್ಲಿ ಅದರ ಖಾತೆಯನ್ನು ಫಾಲೋ ಮಾಡಬೇಕು. ಒಂದೇ ಕಡೆಯವರು ಒಪ್ಪಿದರೆ ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಡುತ್ತಿಲ್ಲ ಅಂತ ನಿಮಗೆ ಬೇಜಾರಾಗುತ್ತದೆ. ನಿಜ ಏನೆಂದರೆ, ನೀವು ಕೇಳಿದ್ದು ನನಗೆ ನೇರವಾಗಿ ತಲುಪಿರುವುದಿಲ್ಲ.