ಹನ್ನೊಂದೂವರೆ ನಿಮಿಷಕ್ಕೆ ಬೀಳಬೇಕಾದ ಚಂಡೆ ಪೆಟ್ಟು ಕೊನೆಗೂ ಕೂತಿತು

ಶಿರಸಿ, ಕಿರುಚಿತ್ರದ ಹಿನ್ನೆಲೆ ಸಂಗೀತ, ನಾಲ್ಕನೇ ವಾರ. 1ಎಂ4 ಕ್ಯೂ, ಅಂದರೆ ಮೊದಲ ರೀಲಿನ ನಾಲ್ಕನೇ ಸಂಗೀತದ ತುಣುಕು, ಮುಗಿಯಿತು.

ಧ್ವನಿಮುದ್ರಣದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿ ಚಂಡೆಯ ಶ್ರುತಿ ಇಳಿಯುತ್ತದೆ, ಪ್ರತಿ ಟೇಕಿಗೂ ಮುಂಚೆ ಬಿಗಿಯಲೇಬೇಕು. ಪೆಟ್ಟು ಮೀಟರಿನಲ್ಲಿ ಮೈನಸ್ 10 ಡೆಸಿಬೆಲ್ ದಾಟದಿದ್ದರೆ ಸಾಕು.

ಜೀವ ತಿಂದದ್ದು ಸಿಂಕ್, ಅಂದರೆ ಚಿತ್ರಕ್ಕೂ ಸದ್ದಿಗೂ ಇರಬೇಕಾದ ಹೊಂದಿಕೆ. ಮೊದಲ ದೃಶ್ಯದಲ್ಲಿ ಎಲ್ಲ ಕರಾರುವಾಕ್ಕು. ಹನ್ನೊಂದೂವರೆ ನಿಮಿಷಕ್ಕೆ ಬಂದರೆ ಬಾಗಿಲು ಮುಚ್ಚುವ ಮೊದಲೇ ಚಂಡೆ ಬಡಿದಾಗಿರುತ್ತದೆ. ನುಡಿಸಿದವರ ಲಯದ ಮೇಲೆ ಅನುಮಾನ ಪಟ್ಟು ಪೆಟ್ಟುಗಳನ್ನು ಕತ್ತರಿಸಿ ಸರಿಸಲು ಹೋಗಬೇಡಿ, ನಡೆಯ ಜೀವವೇ ಹೋಗುತ್ತದೆ. ಮೊದಲು ಚಿತ್ರಕ್ಕೂ ಸದ್ದಿಗೂ ಇರುವ ಅಂತರವನ್ನು ಮೂರು ಕಡೆ ಅಳೆಯಿರಿ. ಎಲ್ಲ ಕಡೆ ಒಂದೇ ಅಂತರವಿದ್ದರೆ ಶುರುವಿನ ಜಾಗ ತಪ್ಪಿದೆ. ಸ್ವರವೂ ಹಾರ್ಮೋನಿಯಂನ ಒಂದೂವರೆ ಮನೆಯಷ್ಟು ಇಳಿದಿದ್ದರೆ 48 ಕಿಲೋಹರ್ಟ್ಸ್ ಫೈಲು (ಸೆಕೆಂಡಿಗೆ 48 ಸಾವಿರ ಧ್ವನಿ ಮಾದರಿ ಇರುವಂಥದ್ದು) 44.1ರಲ್ಲಿ ಓಡುತ್ತಿದೆ. ಇಲ್ಲಿ ಸ್ವರ ಸರಿಯಿತ್ತು. ಅಂತರ ಮಾತ್ರ 5:45ಕ್ಕೆ 8 ಫ್ರೇಮು (ಒಂದು ಫ್ರೇಮು ಸೆಕೆಂಡಿನ ಸುಮಾರು 24ನೇ ಒಂದು ಭಾಗ), 11:30ಕ್ಕೆ 16–17. ಅಂದರೆ ಸಾವಿರಕ್ಕೆ ಒಂದು.

ಈ ಸಾವಿರಕ್ಕೆ ಒಂದು ಕಂಡರೆ ಕಳ್ಳ ಸಿಕ್ಕಿದ ಹಾಗೆಯೇ. ಎಷ್ಟೋ ಕ್ಯಾಮೆರಾಗಳ ಮೆನುವಿನಲ್ಲಿ ಸೆಕೆಂಡಿಗೆ 24 ಫ್ರೇಮು ಎಂದಿದ್ದರೂ ಒಳಗೆ ಓಡುವುದು 23.976. ಸಂಕಲನವೂ ಅದರಲ್ಲೇ ಆಗಿತ್ತು, ಸಂಗೀತದ ಸೆಷನ್ (ಕಂಪ್ಯೂಟರಿನಲ್ಲಿ ಸಂಗೀತ ಜೋಡಿಸುವ ಫೈಲು) ಮಾತ್ರ 24ರಲ್ಲಿತ್ತು. ಯಾವ ಸಂಗೀತ ಎಲ್ಲಿ ಬರಬೇಕೆಂದು ಬರೆದಿಟ್ಟ ಸ್ಪಾಟಿಂಗ್ ಹಾಳೆಯ 11:30 ಗಡಿಯಾರದಲ್ಲಿ 11 ನಿಮಿಷ 30.69 ಸೆಕೆಂಡು!

ಸೆಷನ್ನನ್ನು 23.976ಕ್ಕೆ ಬದಲಿಸಿ, ಜಾಗ ತೋರಿಸುವ ಮಾರ್ಕರುಗಳನ್ನು ಹಾಳೆ ನೋಡಿ ಹೊಸದಾಗಿ ಹಾಕಿ, ಕ್ಯೂವನ್ನು ಇಡಿಯಾಗಿ ಸರಿಸಿದರೆ ಆಯಿತು. ಆಡಿಯೋ ಹಿಗ್ಗಿಸುವುದು ಬೇಡ, 40 ಸೆಕೆಂಡಿನ ಕ್ಯೂ ಒಳಗೆ ವ್ಯತ್ಯಾಸ ಒಂದೇ ಫ್ರೇಮು. ಇನ್ನು ಮೇಲೆ ಸಂಕಲನಕಾರರಿಂದ ಬರುವ ಪ್ರತಿ ವಿಡಿಯೋಕ್ಕೂ ಮೊದಲ ಚಿತ್ರಕ್ಕೆ 2 ಸೆಕೆಂಡು ಮುಂಚೆ ಒಂದು ಫ್ರೇಮಿನ ಬೀಪ್, ಕೊನೆಯ ಚಿತ್ರದ 2 ಸೆಕೆಂಡು ನಂತರ ಇನ್ನೊಂದು ಇರಲೇಬೇಕು. ಮೊದಲ ಬೀಪ್ ಕೂತು ಕೊನೆಯದು ಕೂರದಿದ್ದರೆ ವೇಗದ ತಪ್ಪು ಅಲ್ಲೇ ಗೊತ್ತಾಗುತ್ತದೆ.

ಕೇಬಲ್ ಕಳಿಸಿದ ಅಂಗಡಿಯವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬ್ಯಾಲೆನ್ಸ್ಡ್ (ಹೊರಗಿನ ಗುಂಯ್ ಸದ್ದು ತಡೆಯುವಂಥದ್ದು) ಎಂದು ಎರಡು ಸಲ ಬರೆದರೂ ಬಂದದ್ದು ಮಾಮೂಲಿಯದು. ಪ್ಲಗ್ಗಿನ ಮೇಲೆ ಕಪ್ಪು ಉಂಗುರ ಎರಡಿರಬೇಕು, ಒಂದೇ ಇದ್ದರೆ ಹಾಗೇ ವಾಪಸ್ ಕಳಿಸಿ.

ಮುಂದಿನದು ಕಾರವಾರದ ಅಲೆಗಳು! ಮಳೆ ಹಿಂದೆ ಸರಿದ ಮೇಲೆ ಠಾಗೋರ್ ಕಡಲತೀರದಲ್ಲಿ, ಆಮೇಲೆ ಕಾಳಿ ನದಿ ಸಮುದ್ರ ಸೇರುವಲ್ಲಿ. 96 ಕಿಲೋಹರ್ಟ್ಸಿನಲ್ಲಿ ಧ್ವನಿಮುದ್ರಿಸಿ ಅರ್ಧ ವೇಗಕ್ಕೆ ಇಳಿಸಿದರೆ ಅಲೆ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ತಂತಿವಾದ್ಯಗಳ ಅಡಿಗೆ ಹಾಸಲು ಅದೇ ಬೇಕು. ಮೈಕಿಗೆ ತುಪ್ಪಳದ ಹೊದಿಕೆ ಮೊದಲು ಹುಡುಕಬೇಕು, ಸ್ಪಂಜಿನ ಟೋಪಿ ಕಡಲ ಗಾಳಿಗೆ ನಿಲ್ಲುವುದಿಲ್ಲ.