ಬಿದ್ದವರನ್ನ ಯಾಕೆ ತಕ್ಷಣ ಎಬ್ಬಿಸಲ್ಲ ಅಂತ ಕೇಳೋರಿಗೆ

"ನೀನು ಕ್ಲೆರಿಕ್ ತಾನೆ, ಬಿದ್ದವನನ್ನ ಎಬ್ಬಿಸೋದು ಬಿಟ್ಟು ಏನ್ ಮಾಡ್ತಾ ಇದ್ದೆ?"

ಈ ಪ್ರಶ್ನೆ ನನಗೆ ಆಟದ ಮೇಜಲ್ಲಿ ಬಂದಿದೆ, ವಿರಾಜಪೇಟೇಲಿ ಮದುವೆ ಊಟಕ್ಕೆ ಕೂತಾಗ ಬಂದಿದೆ, ಗೋಣಿಕೊಪ್ಪ ಬಸ್‌ಸ್ಟ್ಯಾಂಡಲ್ಲಿ ಮಳೆ ನಿಲ್ಲಲಿ ಅಂತ ಕಾಯ್ತಾ ಇದ್ದಾಗ್ಲೂ ಬಂದಿದೆ. ಹೇಳಿ ಹೇಳಿ ಬಾಯಿ ನೋಯ್ತಿದೆ. ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸ್ತೀನಿ, ಓದ್ಕೊಳ್ಳಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಅಂತ, ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತೆ ಡೇವ್ ಆರ್ನೆಸನ್ ತಂದ ಆಟ, ಒಬ್ಬರು ಡಿಎಂ ಆಗಿ ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಆಡ್ತಾರೆ. ಕ್ಲೆರಿಕ್ ಅಂದ್ರೆ ದೇವರ ಬಲದಿಂದ ಮಂತ್ರ ಹಾಕೋ ಪಾತ್ರ. ನಮ್ಮ ಗುಂಪು ಆಡೋದು 2014ರ ಪುಸ್ತಕ, ನಾನು ಹೇಳೋ ಲೆಕ್ಕ ಎಲ್ಲ ಅದರದ್ದೇ.

ಹಿಟ್ ಪಾಯಿಂಟ್, ಅಂದ್ರೆ ಪಾತ್ರದ ಪ್ರಾಣಬಲದ ಅಂಕ, ಸೊನ್ನೆಗೆ ಬಂದ್ರೆ ಪಾತ್ರ ಪ್ರಜ್ಞೆ ತಪ್ಪಿ ಬೀಳುತ್ತೆ, ಸಾಯಲ್ಲ. ಪ್ರತಿ ಸಲ ಅವನ ಸರದಿ ಶುರುವಾದಾಗ ಡಿ20, ಅಂದ್ರೆ 20 ಮುಖದ ಡೈಸ್, ಹಾಕ್ತಾನೆ, ಅದಕ್ಕೆ ಡೆತ್ ಸೇವ್ ಅಂತಾರೆ, 10 ಅಥವಾ ಮೇಲೆ ಬಂದ್ರೆ ಒಂದು ಗೆಲುವು, ಕೆಳಗೆ ಬಂದ್ರೆ ಒಂದು ಸೋಲು, ಮೂರು ಗೆಲುವಾದ್ರೆ ಉಳೀತಾನೆ, ಮೂರು ಸೋಲಾದ್ರೆ ಹೋದ. ಇಷ್ಟು ಎಲ್ಲರಿಗೂ ಗೊತ್ತು. ಪ್ರಶ್ನೆ ಕೇಳೋರು ಮರೆಯೋದು ಇದರ ಮುಂದಿನ ಸಾಲು. ಬಿದ್ದಿರೋನಿಗೆ ಐದಡಿ ಒಳಗಿಂದ ಒಂದು ಏಟು ತಾಗಿದ್ರೆ ಅದು ಕ್ರಿಟಿಕಲ್, ಅಂದ್ರೆ ಒಂದೇ ಏಟಿಗೆ ಎರಡು ಸೋಲು. ಎರಡು ಏಟು ಬಿದ್ರೆ ಅವನು ಡೈಸ್ ಮುಟ್ಟೋಕೂ ಮುಂಚೆ ಮುಗೀತು.

ನನಗೆ ಸಿಟ್ಟು ಬರೋದು ಆ "ಎಬ್ಬಿಸು" ಅನ್ನೋ ಪದಕ್ಕೆ. ಎಬ್ಬಿಸಿದ ಮೇಲೆ ಏನಾಗುತ್ತೆ ಅಂತ ಯಾರೂ ಕೇಳಲ್ಲ. ಹೀಲಿಂಗ್ ವರ್ಡ್ ಅನ್ನೋ ಗಾಯ ವಾಸಿ ಮಾಡೋ ಮಂತ್ರ ಹಾಕಿದ್ರೆ ಒಂದು ಡಿ4 (ನಾಲ್ಕು ಮುಖದ ಡೈಸ್) ಪ್ಲಸ್ ನನ್ನ ವಿಸ್ಡಮ್‌ಗೆ ಸಿಗೋ 3, ಸರಾಸರಿ ಐದೂವರೆ ಹಿಟ್ ಪಾಯಿಂಟ್. ಕಣ್ಣು ಬಿಡ್ತಾನೆ, ಆದ್ರೆ ಇನ್ನೂ ನೆಲದ ಮೇಲೇ ಇರ್ತಾನೆ, ಎದ್ದು ನಿಲ್ಲೋಕೆ ಅವನ ಸರದಿ ಬರಬೇಕು. ನನ್ನ ಸರದಿಗೂ ಅವನ ಸರದಿಗೂ ನಡುವೆ ಎಷ್ಟು ಕೈ ಅವನ ಮೇಲೆ ಬೀಳ್ತವೆ? ನಾನು ನೋಡೋದು ಅದೊಂದೇ. ಒಂದೇ ಕೈ ಇದ್ರೆ ಹೀಲಿಂಗ್ ವರ್ಡ್‌ಗಿಂತ ಒಳ್ಳೇದು ಇನ್ನೊಂದಿಲ್ಲ, ಆ ಏಟು ಅವನನ್ನ ಮತ್ತೆ ಬೀಳಿಸುತ್ತೆ ಅಷ್ಟೇ, ಹಳೇ ಸೋಲುಗಳೂ ಅಳಿಸಿ ಹೋಗಿರುತ್ತೆ. ಮೂರು ಕೈ ಇದ್ರೆ? ಮೊದಲ ಏಟಿಗೆ ಬೀಳ್ತಾನೆ, ಎರಡನೇದಕ್ಕೆ ಎರಡು ಸೋಲು, ಮೂರನೇದಕ್ಕೆ ಸಾವು. ಎಬ್ಬಿಸಿದ ಪುಣ್ಯ ನನಗೆ, ಹೆಣ ಅವನದ್ದು.

ಇದೆಲ್ಲ ಶುರುವಾಗಿದ್ದು ಒಂದು ಕಕ್ಕಡ ತಿಂಗಳಲ್ಲಿ, ನಮ್ಮ ಕೊಡಗಿನ ಜೋರು ಮಳೆಯ ತಿಂಗಳು. ಮಡಿಕೇರಿ ಹತ್ರ ದೊಡ್ಡಪ್ಪನ ಮನೆ, ಹೊರಗೆ ಮಳೆ ಹೆಂಚಿನ ಮೇಲೆ ಕಲ್ಲು ಸುರಿದ ಹಾಗೆ, ಮೂರು ದಿನದಿಂದ ಕರೆಂಟಿಲ್ಲ, ಎಮರ್ಜೆನ್ಸಿ ಲ್ಯಾಂಪ್ ಕೆಂಪಾಗ್ತಾ ಬಂದಿತ್ತು, ಅದರ ಸುತ್ತ ಐದು ಜನ. ನಾವು ನಾಲ್ಕನೇ ಲೆವೆಲ್. ಎದುರಿಗೆ ಮೂರು ಓಗರ್, ಅಂದ್ರೆ ದೊಡ್ಡ ರಾಕ್ಷಸರು, ಅಣ್ಣನ ಫೈಟರ್ (ಕತ್ತಿ ಹಿಡಿದು ಕಾದೋ ಪಾತ್ರ) ಮೂರರ ಮಧ್ಯೆ ನುಗ್ಗಿದ್ದ, ಬಿದ್ದ. ಇನಿಶಿಯೇಟಿವ್ ಕ್ರಮ, ಅಂದ್ರೆ ಯಾರ ಸರದಿ ಯಾವಾಗ ಅನ್ನೋದು, ಹೀಗಿತ್ತು: ನಾನು, ಮೂರು ಓಗರ್, ಆಮೇಲೆ ಅಣ್ಣ. ಅಂದ್ರೆ ಮೂರು ಕೈ.

ನಾನು ಸ್ಯಾಂಕ್ಚುರಿ ಹಾಕ್ದೆ. ಮೊದಲನೇ ಮಟ್ಟದ ಮಂತ್ರ, ಬೋನಸ್ ಆಕ್ಷನ್ (ಅದೇ ಸರದೀಲಿ ಇನ್ನೊಂದು ಕೆಲಸಕ್ಕೂ ಜಾಗ ಉಳಿಯುತ್ತೆ), 30 ಅಡಿ ದೂರಕ್ಕೆ ಹೋಗುತ್ತೆ, ಒಂದು ನಿಮಿಷ ಇರುತ್ತೆ. ಅವನ ಮೇಲೆ ಕೈ ಎತ್ತೋರು ಮೊದಲು ವಿಸ್ಡಮ್ ಸೇವ್, ಅಂದ್ರೆ ಮಂತ್ರ ತಡ್ಕೊಳ್ಳೋಕೆ ಡಿ20, ಹಾಕಬೇಕು, ಸೋತ್ರೆ ಬೇರೆ ಗುರಿ ಹುಡುಕಬೇಕು, ಇಲ್ಲಾ ಆ ಏಟು ಕಳ್ಕೋಬೇಕು. ರಕ್ಷಣೆ ಪಡೆದವನು ಯಾರಿಗಾದ್ರೂ ಹೊಡೆದ್ರೆ ಮಂತ್ರ ಮುರಿಯುತ್ತೆ, ಪ್ರಜ್ಞೆ ಇಲ್ದೇ ಬಿದ್ದಿರೋನು ಯಾರಿಗೆ ಹೊಡೀತಾನೆ ಹೇಳಿ, ಹಾಗಾಗಿ ಬಿದ್ದವನಿಗೇ ಅಂತ ಹೊಲಿಸಿದ ಅಂಗಿ ಇದು. ಕಾನ್ಸಂಟ್ರೇಶನ್, ಅಂದ್ರೆ ಒಂದು ಸಲಕ್ಕೆ ಒಂದೇ ಮಂತ್ರಕ್ಕೆ ಕೊಡಬಹುದಾದ ಗಮನ, ಇದಕ್ಕೆ ಬೇಡ, ನಾನು ಮೊದಲೇ ಹಾಕಿದ್ದ ಬ್ಲೆಸ್ (ನಮ್ಮವರ ಸೇವ್‌ಗೆ ಒಂದು ಡಿ4 ಸೇರಿಸೋ ಮಂತ್ರ) ಹಾಗೇ ಉಳೀತು. ನನ್ನ ಸೇವ್ ಡಿಸಿ, ಅಂದ್ರೆ ಅವು ಮುಟ್ಟಬೇಕಾದ ಅಂಕ, 13, ಓಗರ್‌ಗೆ ವಿಸ್ಡಮ್ 7, ಅಂದ್ರೆ ಡೈಸ್‌ಗೆ ಮೈನಸ್ 2, ಡಿ20ರ 20 ಮುಖದಲ್ಲಿ 6 ಮುಖ ಬಿದ್ರೆ ಮಾತ್ರ ಅವುಗಳಿಗೆ ದಾರಿ. ಆಮೇಲೆ ಓಡಿ ಹೋಗಿ ಅಣ್ಣನ ಪಕ್ಕ ನಿಂತು ಡಾಡ್ಜ್ ತಗೊಂಡೆ, ಬೇರೆ ಗುರಿ ಬೇಕಿದ್ರೆ ನಾನಿದ್ದೀನಿ, ಹೊಡೀರಿ, ಹೊಡೆಯೋಕೆ ಕಷ್ಟ.

ಆಗ ಅಣ್ಣ ಕೂಗಿದ್ದು, "ನನ್ನನ್ನ ಎಬ್ಬಿಸೇ ಮಾರಾಯ್ತಿ!"

ಮೊದಲ ಓಗರ್ ಸೋತ, ನನ್ನ ಕಡೆ ಬೀಸಿದ, ತಪ್ಪಿತು. ಎರಡನೇದೂ ಹಾಗೇ. ಮೂರನೇದು ಗೆದ್ದು ಅಣ್ಣನಿಗೆ ಹೊಡೀತು, ಎರಡು ಸೋಲು. ಕೋಣೇಲಿ ಯಾರೂ ಮಾತಾಡಲಿಲ್ಲ. ಅಣ್ಣ ಡೈಸ್ ಹಾಕಿದ, ಅದು ಉರುಳಿ ಭತ್ತದ ಪೆಟ್ಟಿಗೆ ಕೆಳಗೆ ಹೋಯ್ತು, ಎಲ್ಲರೂ ಮೊಬೈಲ್ ಟಾರ್ಚ್ ಹಿಡ್ಕೊಂಡು ನೆಲಕ್ಕೆ ಮಲಗಿ ನೋಡಿದ್ವಿ. 8. ಅಣ್ಣನ ಮುಖ ಹೋಯ್ತು. ನಾನು ಹೇಳ್ದೆ, ಬ್ಲೆಸ್ ಇದೆ, ಡೆತ್ ಸೇವ್ ಕೂಡ ಸೇವೇ, ಡಿ4 ಹಾಕು. 3 ಬಿತ್ತು. 11. ಉಳಿದ.

ಆ ಸುತ್ತಲ್ಲಿ ಉಳಿದವರು ಗಾಯ ಆಗಿದ್ದ ಓಗರ್‌ನ ಮುಗಿಸಿದ್ರು, ಇನ್ನೊಂದನ್ನ ತಮ್ಮ ಕಡೆ ಎಳ್ಕೊಂಡ್ರು. ನನ್ನ ಸರದಿ ಬಂದಾಗ ಅಣ್ಣನ ಹತ್ರ ಒಂದೇ ಕೈ. ಆಗ ಹಾಕ್ದೆ ಹೀಲಿಂಗ್ ವರ್ಡ್. ಅವನು ಎದ್ದ, ಕತ್ತಿ ಬೀಸಿದ, ಆಟ ಗೆದ್ವಿ. ಮಾರನೇ ದಿನ ಬೆಳಿಗ್ಗೆ ಅಕ್ಕಿ ರೊಟ್ಟಿ ತಿನ್ನುವಾಗ ಅಣ್ಣ ದೊಡ್ಡಮ್ಮನ ಹತ್ರ ಹೇಳ್ತಾ ಇದ್ದ, ಇವಳು ನನ್ನನ್ನ ಒಂದು ಸುತ್ತು ಪೂರ್ತಿ ಸಾಯೋಕೆ ಬಿಟ್ಟಿದ್ಲು ಅಂತ. ಅಲ್ಲಿಂದ ಊರೆಲ್ಲ ಹಬ್ಬಿತು.

"ಸ್ಪೇರ್ ದಿ ಡೈಯಿಂಗ್ ಇದೆಯಲ್ಲ, ಸ್ಲಾಟೂ ಬೇಡ" ಅನ್ನೋರಿಗೆ (ಸ್ಲಾಟ್ ಅಂದ್ರೆ ದಿನಕ್ಕೆ ಇಷ್ಟೇ ಮಂತ್ರ ಅನ್ನೋ ಲೆಕ್ಕ): ಹೌದು, ಮುಟ್ಟಿ ಹಾಕಿದ್ರೆ ಅವನು ಸ್ಟೇಬಲ್ ಆಗ್ತಾನೆ, ಡೆತ್ ಸೇವ್ ನಿಲ್ಲುತ್ತೆ, ಆದ್ರೆ ಸೊನ್ನೆಯಲ್ಲೇ ಮಲಗಿರ್ತಾನೆ, ಮೇಲೆ ಓಗರ್ ನಿಂತಿದ್ರೆ ಮುಂದಿನ ಏಟಿಗೆ ಮತ್ತೆ ಎರಡು ಸೋಲು. ಅದು ಜಗಳ ಮುಗಿದ ಮೇಲಿನ ಮಂತ್ರ.

ಇದನ್ನ ನಾನು ಪುಸ್ತಕದಿಂದ ಕಲಿತಿಲ್ಲ. ನಮ್ಮ ಪಕ್ಕದ ತೋಟದಲ್ಲಿ ಮೆಣಸು ಕೊಯ್ಯುವಾಗ ಒಬ್ಬರು ಸಿಲ್ವರ್ ಓಕ್ ಮರದಿಂದ ಬಿದ್ದಿದ್ರು. ಎಲ್ಲರೂ ಎತ್ತೋಕೆ ಓಡಿದ್ರು. ಮೇಸ್ತ್ರಿ ಒಬ್ರೇ ಬಿದ್ದವರನ್ನ ನೋಡದೆ ಮೇಲೆ ನೋಡಿದ್ರು, ಬಿದಿರಿನ ಏಣಿ ಬಳ್ಳಿಗೆ ಸಿಕ್ಕಿ ವಾಲ್ತಾ ಇತ್ತು, ಹೋಗಿ ಅದನ್ನ ಭುಜ ಕೊಟ್ಟು ಹಿಡ್ಕೊಂಡ್ರು. ಎತ್ತಬೇಡಿ, ಬೆನ್ನಿಗೆ ಏಟಾಗಿರುತ್ತೆ, ಹಲಗೆ ತನ್ನಿ ಅಂತ ಅಲ್ಲಿಂದ್ಲೇ ಕೂಗಿದ್ರು. ಆ ಮನುಷ್ಯ ಇವತ್ತು ನಡೆದಾಡ್ತಿದ್ದಾರೆ. ಮೇಸ್ತ್ರಿನ ಯಾರೂ ಕೇಳಲಿಲ್ಲ, ಏಣಿ ಯಾಕೆ ಹಿಡ್ಕೊಂಡ್ರಿ ಅಂತ.

ನನ್ನನ್ನ ಕೇಳಬೇಕಾದ ಪ್ರಶ್ನೆ ಬೇರೇನೇ ಇದೆ, ಅದನ್ನ ಜಗಳ ಶುರುವಾಗೋಕೆ ಮುಂಚೆ ಕೇಳಬೇಕು. "ನಿನ್ನ ಹತ್ರ ಎಷ್ಟು ಸ್ಲಾಟ್ ಉಳಿದಿದೆ? ನಾನು ಎಲ್ಲಿ ನಿಂತ್ರೆ ನಿನಗೆ ಸಿಗ್ತೀನಿ?" ಹೀಲಿಂಗ್ ವರ್ಡ್ 60 ಅಡಿ ಹೋಗುತ್ತೆ ನಿಜ, ಆದ್ರೆ ನೀವು ನನ್ನ ಕಣ್ಣಿಗೆ ಕಾಣಬೇಕು. ಮೂಲೆ ತಿರುಗಿ ಒಬ್ಬರೇ ನುಗ್ಗಿ ಗೋಡೆ ಆಚೆ ಬಿದ್ರೆ ನನ್ನ ಮಂತ್ರಕ್ಕೆ ನೀವು ಇಲ್ಲವೇ ಇಲ್ಲ. ಆನೆ ಬಂದಿದೆ ಅಂತ ಸುದ್ದಿ ಇದ್ದ ದಿನ ತೋಟಕ್ಕೆ ಹೋಗೋರು ಯಾವ ಕಡೆ ಹೋಗ್ತೀವಿ ಅಂತ ಮನೇಲಿ ಹೇಳಿ ಹೋಗಲ್ವಾ? ಅಷ್ಟು ಮಾಡಿ ಸಾಕು. ನಾಲ್ಕು ವರ್ಷದಿಂದ ಕ್ಲೆರಿಕ್ ಆಡ್ತಿದ್ದೀನಿ, ನನ್ನ ಸ್ಲಾಟ್ ಎಷ್ಟಿದೆ ಅಂತ ತಾನಾಗೇ ಕೇಳಿದ್ದು ನಮ್ಮ ಗುಂಪಿನ ಚಿಕ್ಕ ಹುಡುಗಿ ಒಬ್ಬಳೇ, ಅವಳ ಪಾತ್ರ ಇವತ್ತಿನವರೆಗೂ ಒಂದೇ ಸಲ ಬಿದ್ದಿರೋದು, ಅದೂ ನನ್ನಿಂದ ಹತ್ತು ಅಡಿ ದೂರದಲ್ಲಿ.

ಇನ್ನೊಂದು ವಿಷಯ, ಇದು ಅಣ್ಣನಿಗೇ. ನಾವು ಈಗ ಆರನೇ ಲೆವೆಲ್, ರಿವಿವಿಫೈ ಸಿಕ್ಕಿದೆ, ಸತ್ತು ಒಂದು ನಿಮಿಷದೊಳಗೆ ಇದ್ರೆ ವಾಪಸ್ ಕರೀಬಹುದು, ಆದ್ರೆ ಪ್ರತಿ ಸಲ 300 ಗೋಲ್ಡ್ ಬೆಲೆಯ ವಜ್ರ ಖರ್ಚಾಗುತ್ತೆ. ಗುಂಪಿನ ಚೀಲದಲ್ಲಿ 340 ಇದೆ. ಶನಿವಾರ ಪೇಟೆಗೆ ಹೋದಾಗ ಮೊದಲು ವಜ್ರದ ಅಂಗಡಿ, ನಿನ್ನ ಹೊಸ ಕವಚಕ್ಕೆ ಉಳಿದ 40ರಲ್ಲಿ ಏನು ಬರುತ್ತೋ ನೋಡು.