ಕುಂಡದಲ್ಲಿ ಗರಗ

ಇವತ್ತು ಬೆಳಿಗ್ಗೆಯಿಂದ ಬೆರಳೆಲ್ಲ ಕಪ್ಪು. ಆಫೀಸಿನಲ್ಲಿ ಒಬ್ಬರು "ಏನ್ರೀ, ಪೆನ್ನು ಸೋರಿತಾ?" ಅಂದರು. ಅಲ್ಲ, ಗರಗದ ಸೊಪ್ಪು, ಅಂದರೆ ಭೃಂಗರಾಜದ ಸೊಪ್ಪು ಜಜ್ಜಿದ್ದೆ. ಇದರ ದಂಟು ಮುರಿದರೆ ರಸ ಮೊದಲು ಹಸಿರಾಗೇ ಇರುತ್ತದೆ, ನೋಡನೋಡುತ್ತಲೇ ಮಸಿಯ ಬಣ್ಣಕ್ಕೆ ತಿರುಗುತ್ತದೆ. ಹಿಂದೆ ಹಚ್ಚೆ ಹಾಕಲೂ ಈ ರಸ ಬಳಸುತ್ತಿದ್ದರು.

ಊರಲ್ಲಿ ಗದ್ದೆ ಬದುವಿನಲ್ಲಿ, ಕಾಲುವೆ ಪಕ್ಕ ತಾನಾಗೇ ಬೆಳೆಯುವ ಕಳೆ ಇದು. ಅಪ್ಪ ಕಿತ್ತು ಎಸೆಯುತ್ತಿದ್ದರು, ಅಜ್ಜಿ ಹೆಕ್ಕಿ ತರುತ್ತಿದ್ದರು. ರಸದಲ್ಲಿ ಬಿಳಿ ಬಟ್ಟೆ ಅದ್ದಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಬೋರಲು ಹಾಕುತ್ತಿದ್ದರು. ಬೆಳಗಾಗುವಷ್ಟರಲ್ಲಿ ಕಾಡಿಗೆ ರೆಡಿ. ಗರಗಕ್ಕೆ ಕಾಡಿಗ್ಗರಗ ಅನ್ನೋ ಹೆಸರು ಸುಮ್ನೆ ಬಂದಿದ್ದಲ್ಲ.

ಈಗ ನಾನು ಅದನ್ನೇ ಬೆಂಗಳೂರಿನ ಟೆರೇಸಿನಲ್ಲಿ ಮುದ್ದು ಮಾಡಿ ಬೆಳೆಸುತ್ತಿದ್ದೇನೆ! ಮೊದಲ ಸಲ ಬೀಜವನ್ನು ಆಳಕ್ಕೆ ಹೂತು ಕೆಡಿಸಿದೆ. ಸಣ್ಣ ಬೀಜ, ಮಣ್ಣಿನ ಮೇಲೆ ಉದುರಿಸಿ ತೇವ ಇಟ್ಟರೆ ಸಾಕು. ನೀರು ಜಾಸ್ತಿಯಾದರೂ ಬೇಜಾರಿಲ್ಲ ಇದಕ್ಕೆ. ಒಂದು ವರ್ಷದ ಗಿಡ, ಬೀಜ ಉದುರಿಸಿ ಹೋಗಿಬಿಡುತ್ತದೆ. ಹೂವು ಪುಟ್ಟದು, ಬಿಳಿ. ಹಳದಿ ಹೂವಿನ ಗಿಡ ತೋರಿಸಿ ಭೃಂಗರಾಜ ಅಂತ ಕೊಟ್ಟರೆ ಎರಡು ಸಲ ನೋಡಿ.

ರಸವನ್ನು ಕೊಬ್ಬರಿ ಎಣ್ಣೆಗೆ ಹಾಕಿ, ಚಟಪಟ ನಿಲ್ಲುವ ತನಕ ಸಣ್ಣ ಉರಿಯಲ್ಲಿ ಕಾಯಿಸಿದೆ. ನನ್ನ ಬಿಳಿ ಕೂದಲೇನೂ ಕಪ್ಪಾಗಿಲ್ಲ. ತಲೆ ತಂಪಾಗಿದೆ, ದಿಂಬಿಗೆ ಅಜ್ಜಿಯ ಸೆರಗಿನ ವಾಸನೆ ಬಂದಿದೆ.